ಮಳೆಯ ಲೆಕ್ಕಕ್ಕೆ ಯಾರ ರಾಗ?

ತಾಪಮಾನದ ಅಂಕಿಗಳನ್ನು ಸ್ವರವಾಗಿಸುವುದು, ನದಿ ಏರಿಳಿದಂತೆ ಬಣ್ಣ ಬದಲಿಸುವ ಬೆಳಕಿನ ಚಿತ್ರ ಮಾಡುವುದು, ನೋಡಲು ಬಂದವರು ಕೈಯಾಡಿಸಿದರೆ ಗೋಡೆಯ ಮೇಲೆ ಬರವೋ ನೆರೆಯೋ ಮೂಡುವಂತೆ ಮಾಡುವುದು ದೊಡ್ಡ ಊರುಗಳಲ್ಲಿ ಕಲೆಯ ಹೊಸ ದಾರಿಯಾಗಿದೆ. ಇದನ್ನು ಕೇಳಿದೊಡನೆ ನಮ್ಮಲ್ಲಿ ಎರಡು ಬಗೆಯ ಮಾತು ಹುಟ್ಟುತ್ತದೆ. ಇದು ಹೊಟ್ಟೆ ತುಂಬಿದವರ ಆಟ ಎನ್ನುವುದು ಒಂದು. ವಿಜ್ಞಾನಕ್ಕೂ ಕಲೆಗೂ ಮದುವೆಯಾಯಿತು ಎಂದು ಚಪ್ಪಾಳೆ ತಟ್ಟುವುದು ಇನ್ನೊಂದು. ಎರಡಕ್ಕೂ ನನ್ನ ತಕರಾರಿದೆ.

ಮೊದಲು, ಆಟ ಎನ್ನುವವರಿಗೆ. 2013ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಡೇನಿಯಲ್ ಕ್ರಾಫರ್ಡ್ ಎಂಬ ವಿದ್ಯಾರ್ಥಿ 1880ರಿಂದ 2012ರವರೆಗಿನ ಭೂಮಿಯ ತಾಪಮಾನವನ್ನು ಚೆಲ್ಲೊ ವಾದ್ಯಕ್ಕೆ ಅಳವಡಿಸಿದ. ವರ್ಷಕ್ಕೊಂದು ಸ್ವರದಂತೆ 133 ಸ್ವರ. ತಂಪಿನ ವರ್ಷಕ್ಕೆ ಮಂದ್ರ, ಬಿಸಿಯ ವರ್ಷಕ್ಕೆ ತಾರ. ಕಡೆಕಡೆಗೆ ಸ್ವರ ಮೇಲೇರಿ ಕೆಳಗಿಳಿಯಲು ಒಲ್ಲದಂತಾಗುತ್ತದೆ. ಗ್ರಾಫು ಓದಲು ಬಾರದವರಿಗೂ ಏನೋ ಏರುತ್ತಿದೆ ಎಂಬುದು ಕಿವಿಗೆ ಗೊತ್ತಾಗುತ್ತದೆ. ಇದನ್ನು ಆಟ ಎನ್ನಲಾಗದು.

ಸರಾಸರಿ ಮುಚ್ಚಿಡುವುದನ್ನು ಹಾಡು ಬಿಚ್ಚಿಡುತ್ತದೆ ಎಂಬುದು ಅದಕ್ಕಿಂತ ಮುಖ್ಯ. ತಿಂಗಳಿಗೆ 300 ಮಿಲಿಮೀಟರ್ ಮಳೆ ಎಂದರೆ ದಿನಕ್ಕೆ ಹತ್ತರಂತೆ ಮೂವತ್ತು ದಿನ ಸುರಿದಿರಬಹುದು, ದಿನಕ್ಕೆ ನೂರರಂತೆ ಮೂರೇ ದಿನ ಹೊಡೆದಿರಬಹುದು. ಕಡತದಲ್ಲಿ ಎರಡೂ ಒಂದೇ. ನಮ್ಮ ಮಲ್ಲಿಪಟ್ಟಣದ ಸುತ್ತಿನ ಹೊಲಗಳಲ್ಲಿ ಒಂದೇ ಅಲ್ಲ. ಮೊದಲನೆಯದರಲ್ಲಿ ಬೆಳೆ ಉಳಿದೀತು, ಎರಡನೆಯದರಲ್ಲಿ ನೀರು ನಿಂತು ಶುಂಠಿ ಕೊಳೆಯುತ್ತದೆ. ಕಾಲವನ್ನು ಬಿಟ್ಟು ಮಳೆಯಿಲ್ಲ, ಕಾಲವನ್ನು ಬಿಟ್ಟು ತಾಳವೂ ಇಲ್ಲ. ಮಳೆಯ ಲೆಕ್ಕವನ್ನು ತಾಳದಲ್ಲಿ ಹೇಳುವುದು ಅದಕ್ಕೇ ಸಹಜ.

ಇದನ್ನು ನಮಗೆ ಹೊರಗಿನವರು ಕಲಿಸಬೇಕಾಗಿರಲಿಲ್ಲ. ಸೂರ್ಯ ಒಂದೊಂದು ನಕ್ಷತ್ರದಲ್ಲಿರುವ ಹದಿಮೂರು ಹದಿನಾಲ್ಕು ದಿನಗಳಿಗೆ ಒಂದೊಂದು ಮಳೆಯ ಹೆಸರಿಟ್ಟು, ಭರಣಿ, ರೋಹಿಣಿ, ಆರಿದ್ರೆ ಎಂದು ವರ್ಷವನ್ನೇ ಕೊಯ್ದು, ಪ್ರತಿ ತುಂಡಿಗೂ ಪ್ರಾಸ ಕಟ್ಟಿ ನಾಲಿಗೆಯ ಮೇಲೆ ಇಟ್ಟುಕೊಂಡವರು ನಮ್ಮ ಒಕ್ಕಲು ಮಕ್ಕಳು. ಭರಣಿ ಸುರಿದರೆ ಧರಣಿಗೆ ಬೆಳೆ ಎಂಬರ್ಥದ ಗಾದೆ ತಲೆತಲಾಂತರದ ದಾಖಲೆ. ಅದು ಬರೀ ಚೆಂದಕ್ಕಲ್ಲ. ಯಾವಾಗ ಬಿತ್ತಬೇಕು, ಯಾವಾಗ ಕಾಯಬೇಕು ಎಂದು ಹೇಳುತ್ತಿತ್ತು. ಕೇಳಿದವನಿಗೆ ಅದರ ಅಳತೆ ಗೊತ್ತಿತ್ತು.

ಇನ್ನು, ಚಪ್ಪಾಳೆಯವರಿಗೆ ಹೇಳಬೇಕಾದದ್ದು ಇಲ್ಲಿದೆ. ಅಳತೆ ತಿಳಿಯದವನಿಗೆ ಅಂಕಿಯ ಸಂಗೀತ ಬರೀ ಸಂಗೀತ. ಯಾವ ಸ್ವರಕ್ಕೆ ಎಷ್ಟು ಡಿಗ್ರಿ, ಯಾವ ಬಣ್ಣಕ್ಕೆ ಎಷ್ಟು ಅಡಿ ನೀರು ಎಂದು ಹೇಳದೆ ಇಂಪು ಮಾಡಿದರೆ, ನೋವನ್ನು ಸಕ್ಕರೆಯಲ್ಲಿ ಅದ್ದಿ ಕೊಟ್ಟಂತೆ. ನಮ್ಮ ಜಿಲ್ಲೆಯಲ್ಲೇ ಇದಕ್ಕೆ ಸಾಕ್ಷಿಯಿದೆ. 1979ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿದ ಮೇಲೆ ಶೆಟ್ಟಿಹಳ್ಳಿಯ ಹಳೆಯ ಇಗರ್ಜಿ ಹಿನ್ನೀರಿಗೆ ಸಿಕ್ಕಿತು. ಮಳೆಗಾಲದಲ್ಲಿ ಮುಳುಗುತ್ತದೆ, ಬೇಸಿಗೆಯಲ್ಲಿ ಏಳುತ್ತದೆ. ಜಲಾಶಯದ ಪೂರ್ಣ ಮಟ್ಟ 2,922 ಅಡಿ. ಆ ಅಂಕಿಯನ್ನು ಕಲ್ಲಿನ ಕಮಾನುಗಳ ಮೇಲೆ ಬರೆದು ತೋರಿಸುವ ಇಂಥ ಕಲಾಕೃತಿಯನ್ನು ಯಾವ ಕಲಾವಿದನೂ ಮಾಡಲಾರ. ಬಂದವರು ತೆಪ್ಪ ಹತ್ತಿ, ಫೋಟೋ ಹೊಡೆಸಿಕೊಂಡು, ಎಂಥಾ ಸೊಗಸು ಎಂದು ಹೋಗುತ್ತಾರೆ. ನೀರಿನಡಿ ಯಾರ ಮನೆ, ಯಾರ ಗದ್ದೆ ಇತ್ತು, ಅವರು ಎಲ್ಲಿಗೆ ಹೋದರು ಎಂದು ಕೇಳುವವರು ಎಷ್ಟು ಜನ? ಸೊಗಸು ಪ್ರಶ್ನೆಯನ್ನು ನುಂಗಿಬಿಟ್ಟಿತು. ಅಂಕಿಯ ಕಲೆಗೆ ನಾನು ಹೆದರುವುದು ಇದಕ್ಕೇ.

ಹಾಗಾದರೆ ಬೇಡವೇ? ಬೇಕು, ಆದರೆ ಕೇಳುವವರ ಕೈಯಲ್ಲೇ ಅಳತೆಗೋಲು ಇರಬೇಕು. ನಮ್ಮ ರಾಜ್ಯದಲ್ಲಿ 1988ರಲ್ಲೇ ಬರ ಪರಿಶೀಲನಾ ಘಟಕ ಹುಟ್ಟಿತು. ಅದೇ ಬೆಳೆದು ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ, ಗ್ರಾಮ ಪಂಚಾಯಿತಿ ಮಟ್ಟದವರೆಗೆ ತಾನಾಗಿಯೇ ಲೆಕ್ಕ ಕಳಿಸುವ ಮಳೆಮಾಪಕಗಳನ್ನು ಇಟ್ಟಿತು. ನಮ್ಮ ತಲೆಯ ಮೇಲೆ ಬಿದ್ದ ಮಳೆಯ ಲೆಕ್ಕ ಬೆಂಗಳೂರಿಗೆ ಹೋಗುತ್ತದೆ. ಪಂಚಾಯಿತಿಯ ಗೋಡೆಯ ಮೇಲೆ ಅದನ್ನು ಬರೆಯುವ ಸೀಮೆಸುಣ್ಣಕ್ಕೇನು ಬರವೆ?

ಶಾಲೆಗೆ ದೊಡ್ಡ ಯಂತ್ರ ಬೇಡ. ನೇರ ಗೋಡೆಯ, ಚಪ್ಪಟೆ ತಳದ ಒಂದು ಡಬ್ಬ, ಒಂದು ಅಡಿಪಟ್ಟಿ ಸಾಕು. ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು ಎಂಬುದನ್ನು ಮಗು ಒಮ್ಮೆ ಅಳೆದು ಕಂಡರೆ ಮರೆಯುವುದಿಲ್ಲ. ಹತ್ತು ಮಿಲಿಮೀಟರಿಗೆ ತಮಟೆಯ ಒಂದು ಪೆಟ್ಟು, ಮಳೆಯಿಲ್ಲದ ದಿನಕ್ಕೆ ಮೌನ. ಪಾಠ ಮುಗಿಸುವುದೇ ಕಷ್ಟ, ಇದೆಲ್ಲ ಯಾವಾಗ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಸರಾಸರಿ, ದಶಾಂಶ, ಋತುಮಾನ, ಇವೂ ಪಾಠವೇ ಅಲ್ಲವೆ?

2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜರಿದವು, ನಮ್ಮ ತಾಲ್ಲೂಕಿನ ರಾಮನಾಥಪುರಕ್ಕೆ ಕಾವೇರಿ ನುಗ್ಗಿತು. 2023ರ ಆಗಸ್ಟ್ 1901ರಿಂದೀಚೆಗೆ ದೇಶ ಕಂಡ ಅತಿ ಒಣ ಆಗಸ್ಟ್. ಆ ವರ್ಷ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಪಂಚಾಂಗದಲ್ಲಿ ಎರಡು ಸಲವೂ ಅದೇ ಆಶ್ಲೇಷ, ಅದೇ ಮಘೆ. ಹಳೆಯ ಗಾದೆಗೂ ಹೊಸ ಅಳತೆಗೂ ನಡುವಿನ ಈ ಬಿರುಕೇ ನಮ್ಮ ಕಾಲದ ದೊಡ್ಡ ಸುದ್ದಿ. ಅಜ್ಜಿಯ ಗಾದೆ ನಂಬಲಾಗದು, ಕೇಂದ್ರದ ಅಂಕಿ ಕೈಗೆ ಸಿಗದು ಎಂದಾದರೆ ನಮ್ಮ ಮಕ್ಕಳು ಎರಡು ಕಿವಿಯೂ ಇಲ್ಲದವರಾಗುತ್ತಾರೆ.

ಪ್ರದರ್ಶನಶಾಲೆಗಳು ಇರಲಿ, ಕಲಾವಿದರು ಬರಲಿ. ಬರುವಾಗ ನಮ್ಮ ಮಳೆಯ ಲೆಕ್ಕವನ್ನು ಮೊದಲು ನಮಗೆ ಕೊಟ್ಟು, ಆಮೇಲೆ ರಾಗದ ಮಾತು ಎತ್ತಲಿ. ತಮಟೆ ನಮ್ಮಲ್ಲಿದೆ.