ಗುಬ್ಬಿಯ ಐರಿಷ್ ಪಾದ್ರಿ

ಗುಬ್ಬಿ ಅಂದ್ರೆ ವೀರಣ್ಣನವರ ನಾಟಕ ಕಂಪನಿ, ಸರಿ. ನನಗೆ ವಿಲಿಯಂ ಆರ್ಥರ್ ಕೂಡ ನೆನಪಾಗ್ತಾರೆ. ವೆಸ್ಲಿಯನ್ ಮಿಷನ್ನಿನ ಈ ಐರಿಷ್ ಪಾದ್ರಿ ೧೮೩೯ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಇಂಡಿಯಾಕ್ಕೆ ಹೊರಟು ಗುಬ್ಬಿ ಸೇರಿದರು. ಆರೋಗ್ಯ ಕೆಟ್ಟು ೧೮೪೧ರಲ್ಲೇ ವಾಪಸ್! ಆದರೆ ಗುಬ್ಬಿಯನ್ನು ಮರೀಲಿಲ್ಲ, ೧೮೪೭ರಲ್ಲಿ 'ಎ ಮಿಷನ್ ಟು ದಿ ಮೈಸೂರ್' ಬರೆದರು.

ಮತಾಂತರಕ್ಕೆ ಬಂದವರದ್ದು ಎಂಥಾ ಸ್ನೇಹ ಅಂತ ಕೇಳೋರಿದ್ದಾರೆ. ಗುಬ್ಬಿಯಲ್ಲೇ ದುಡಿದ ಥಾಮಸ್ ಹಾಡ್ಸನ್ ಇಳಿವಯಸ್ಸಿನಲ್ಲಿ, ೧೮೭೭ರಲ್ಲಿ, 'ಓಲ್ಡ್ ಡೇನಿಯಲ್' ಅಂತ ಆ ಸೀಮೆಯ ಒಬ್ಬ ಹಳ್ಳಿಗನ ಜೀವನಕಥೆ ಬರೆದರು. ಆತ ಕ್ರೈಸ್ತನಾದವನು, ಮಿಷನ್ನಿನ ಹೊಗಳಿಕೆಯೂ ಇದೆ, ಒಪ್ಪಿದೆ. ಆದರೆ ಅಷ್ಟು ವರ್ಷದ ಮೇಲೂ ಒಬ್ಬ ಹಳ್ಳಿಗನನ್ನು ನೆನೆದು ಪುಸ್ತಕ ಬರೆಯೋದನ್ನ ಸ್ನೇಹ ಅನ್ನದೆ ಏನನ್ನೋಣ? ತುಮಕೂರಿನ ಚರಿತ್ರೆ ಬರೆಯೋರು ಇವೆರಡನ್ನೂ ಅನುಮಾನದಿಂದಲೇ ಓದಲಿ, ಓದಲಂತೂ ಓದಲಿ. ನೀವೇನಂತೀರಿ?