ಅಂತಿಯೋಕ್ಯಕ್ಕೆ ಸುವಾರ್ತೆ ಒಯ್ದವರು ಯಾರು?



ಸುವಾರ್ತೆ ಸಾರುವುದು ಎಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಅಯ್ಯನವರು, ಹೊರಗಿನಿಂದ ಕರೆಸಿದ ಪ್ರಸಂಗಿಗಳು, ಮೈದಾನದಲ್ಲಿ ಶಾಮಿಯಾನ, ಮೈಕು. ಕಾಣಿಕೆ ಹಾಕಿ, ಕುರ್ಚಿ ಜೋಡಿಸಿಕೊಟ್ಟರೆ ನಮ್ಮ ಪಾಲಿನದು ಮುಗಿಯಿತು ಅಂದುಕೊಂಡಿದ್ದೇವೆ. ಹಾಗಲ್ಲ, ಈ ಕೆಲಸ ಸಭೆಯ ಪ್ರತಿಯೊಬ್ಬರದು ಎಂದು ಹೇಳಲಿಕ್ಕೇ ಈ ಕರಪತ್ರ.

ಅಪೊಸ್ತಲರ ಕೃತ್ಯಗಳು 8 ಮತ್ತು 11ನೇ ಅಧ್ಯಾಯ ತೆಗೆದು ನೋಡಿ. ಸ್ತೆಫನನನ್ನು ಕಲ್ಲೆಸೆದು ಕೊಂದ ಮೇಲೆ ಯೆರೂಸಲೇಮಿನ ಸಭೆಗೆ ಹಿಂಸೆ ಬಂತು. ವಿಶ್ವಾಸಿಗಳು ಚದರಿಹೋದರು, ಅಪೊಸ್ತಲರು ಮಾತ್ರ ಅಲ್ಲೇ ಉಳಿದರು. ಗಂಟುಮೂಟೆ ಕಟ್ಟಿಕೊಂಡು ಊರು ಬಿಟ್ಟವರೇ ಹೋದಲ್ಲೆಲ್ಲ ವಾಕ್ಯ ಸಾರಿದರು. ಅವರಲ್ಲಿ ಕುಪ್ರ, ಕುರೇನೆ ಕಡೆಯ ಕೆಲವರು ಅಂತಿಯೋಕ್ಯಕ್ಕೆ ಬಂದು ಗ್ರೀಕರ ಹತ್ತಿರವೂ ಯೇಸುವಿನ ಮಾತೆತ್ತಿದರು. ಬಹಳ ಜನ ನಂಬಿದರು. ಬಾರ್ನಬ ಬಂದದ್ದು ಆಮೇಲೆ. ತಾರ್ಸದಿಂದ ಸೌಲನನ್ನು ಕರೆತಂದದ್ದು ಇನ್ನೂ ಆಮೇಲೆ. ಶಿಷ್ಯರಿಗೆ ಕ್ರೈಸ್ತರೆಂಬ ಹೆಸರು ಮೊದಲು ಬಿದ್ದದ್ದೂ ಆ ಊರಲ್ಲೇ. ಇಷ್ಟಕ್ಕೆಲ್ಲ ಕಾರಣರಾದವರ ಒಂದು ಹೆಸರನ್ನೂ ಲೂಕ ಬರೆದಿಲ್ಲ. ನಮ್ಮಲ್ಲಾಗಿದ್ದರೆ ಕಲ್ಲಿನ ಮೇಲೆ ಕೆತ್ತಿಸಿ ಬಾಗಿಲ ಬಳಿ ಹಾಕಿಸುತ್ತಿದ್ದೆವು!

“ನಮಗೆ ಮಾತಾಡೋಕೆ ಬರಲ್ಲ” ಎನ್ನುವವರು ಫರ್ಡಿನಾಂಡ್ ಕಿಟೆಲ್‌ರನ್ನು ನೆನೆಯಬೇಕು. ಬಾಸೆಲ್ ಮಿಷನ್ ಕಳಿಸಿದ ಈ ಜರ್ಮನಿಯವರು 1853ರಲ್ಲಿ ಇಲ್ಲಿಗೆ ಬಂದು ಕನ್ನಡ ಕಲಿತರು. 1894ರ ನಿಘಂಟಿನಿಂದ ನಾಡಿಗೆಲ್ಲ ಅವರು ಗೊತ್ತು. ಅದಕ್ಕೆ ಎಷ್ಟೋ ಮುಂಚೆ, 1862ರಲ್ಲಿ, ಯೇಸುವಿನ ಕಥೆಯನ್ನು ಕನ್ನಡ ಛಂದಸ್ಸಿನಲ್ಲಿ ಹಾಡಿಕೊಳ್ಳುವಂತೆ ಕಟ್ಟಿ ‘ಕಥಾಮಾಲೆ’ ಎಂದು ಪ್ರಕಟಿಸಿದ್ದರು. ಹೊರನಾಡಿನವರು ನಮ್ಮ ಧಾಟಿ ಹಿಡಿದು ಹೇಳಿದರು. ಹುಟ್ಟುತ್ತಲೇ ಕನ್ನಡ ಕೇಳಿದ ನಮಗೆ ಬಾಯಿ ಕಟ್ಟುತ್ತದೆ.

ಡಿಸೆಂಬರ್‌ನಲ್ಲಿ ನಮ್ಮ ಮನೆಗಳ ಮುಂದೆ ನಕ್ಷತ್ರ ಹಚ್ಚುತ್ತೇವೆ, ಅಕ್ಕಪಕ್ಕಕ್ಕೆ ಕೇಕು, ಕಜ್ಜಾಯದ ತಟ್ಟೆ ಕಳಿಸುತ್ತೇವೆ. ಪಕ್ಕದ ಮನೆಯ ಹುಡುಗ ಗೇಟಿನ ಮೇಲೆ ಹತ್ತಿ ನಿಂತು, “ಆಂಟಿ, ನಕ್ಷತ್ರ ಯಾಕೆ ಕಟ್ಟಿದೀರ?” ಅನ್ನುತ್ತಾನೆ. “ನಮ್ಮ ಹಬ್ಬ ಕಣಪ್ಪ” ಎಂದು ಹೇಳಿ ಕೈಗೊಂದು ತುಂಡು ಕೇಕು ಕೊಟ್ಟು ಒಳಗೆ ಹೋಗುತ್ತೇವೆ. ನಕ್ಷತ್ರ ನೋಡಿಕೊಂಡು ಪೂರ್ವದಿಂದ ಬಂದ ಜ್ಞಾನಿಗಳ ಕಥೆ ಹೇಳಲು ಎರಡು ನಿಮಿಷ ಸಾಕಿತ್ತು. ಹುಡುಗನೇ ಕೇಳಿದ್ದ.

ಹೀಗೆ ಬಾಯಿಬಿಟ್ಟು ಹೇಳಲು ಭಯವೂ ಇದೆ, ಸುಳ್ಳಲ್ಲ. ಆದರೆ ಸಂವಿಧಾನದ 25ನೇ ವಿಧಿ ಧರ್ಮವನ್ನು ನಂಬುವ, ಆಚರಿಸುವ ಹಕ್ಕಿನ ಜೊತೆಗೆ ಪ್ರಚಾರ ಮಾಡುವ ಹಕ್ಕನ್ನೂ ಕೊಟ್ಟಿದೆ. ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅದರಲ್ಲಿ ಸೇರಿಲ್ಲವೆಂದು ಸುಪ್ರೀಂ ಕೋರ್ಟು 1977ರಲ್ಲಿ ಹೇಳಿತು. ನಮಗೆ ಇದರಿಂದ ಇಕ್ಕಟ್ಟೇನೂ ಆಗಬೇಕಿಲ್ಲ. ಮನಸ್ಸು ತಿರುಗಿಸುವವನು ದೇವರು. ನಮ್ಮದು ಸಾಕ್ಷಿ ಹೇಳುವ ಕೆಲಸ. ಆದ್ದರಿಂದ ಸೀಟು, ಸಾಲ, ಔಷಧಿಯ ಆಸೆ ತೋರಿಸಿ ಯಾರನ್ನೂ ಕರೆಯಬೇಡಿ. ರೋಗಿಯ ಹಾಸಿಗೆ ಪಕ್ಕ ಕೂತು ಹೆದರಿಸಬೇಡಿ. ಬೇರೆಯವರ ದೇವರನ್ನು ಹೀಗಳೆಯಬೇಡಿ. ನಿಮ್ಮ ನಿರೀಕ್ಷೆಗೆ ಕಾರಣ ಕೇಳಿದವರಿಗೆ ಸಾತ್ವಿಕತೆಯಿಂದ ಉತ್ತರ ಕೊಡಿ ಎಂದು ಪೇತ್ರನೇ ಬರೆದಿದ್ದಾನೆ. ಅಂಗಡಿ ಬಾಕಿ ತೀರಿಸದವರ, ಕೆಲಸದವಳ ಸಂಬಳ ಹಿಡಿದಿಟ್ಟುಕೊಂಡವರ ಸಾಕ್ಷಿಯನ್ನು ಬೀದಿಯಲ್ಲಿ ಯಾರೂ ಕೇಳುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು.

ಬರುವ ಭಾನುವಾರ ಆರಾಧನೆ ಮುಗಿದ ಮೇಲೆ ಸಂಡೇ ಸ್ಕೂಲ್ ಕೋಣೆಯಲ್ಲಿ ಒಂದು ಗಂಟೆ ಕೂರೋಣ. ಯೋಹಾನ 4ನೇ ಅಧ್ಯಾಯ ಓದೋಣ: ಸಮಾರ್ಯದ ಆ ಹೆಂಗಸು ಕೊಡ ಬಿಟ್ಟು ಊರೊಳಗೆ ಓಡಿದಾಗ ಅವಳಿಗೆ ಎಷ್ಟು ತಾನೇ ಗೊತ್ತಿತ್ತು? ಆಮೇಲೆ ಒಬ್ಬೊಬ್ಬರೂ, ಯೇಸು ನಿಮ್ಮ ಬಾಳಿನಲ್ಲಿ ಏನು ಮಾಡಿದ್ದಾನೆಂದು ಮನೆಮಾತಿನಲ್ಲೇ ಹೇಳಿ ಅಭ್ಯಾಸ ಮಾಡೋಣ. ತಡವರಿಸಿದರೂ ಪರವಾಗಿಲ್ಲ. ಅಜ್ಜಿಯರೂ, ದೃಢೀಕರಣ ಪಡೆದ ಮಕ್ಕಳೂ ಬರಲಿ. ಪ್ರತಿಯೊಬ್ಬರೂ ಒಬ್ಬ ನೆರೆಯವರನ್ನು ಮನಸ್ಸಿನಲ್ಲಿಟ್ಟುಕೊಂಡು ಬನ್ನಿ. ಅವರಿಗಾಗಿ ಪ್ರಾರ್ಥಿಸಿಯೇ ಮನೆಗೆ ಹೋಗೋಣ.