ತಪ್ಪು ಕಳಿಸಿದವನದು, ತೆರೆದವಳದಲ್ಲ

ಸೊಸೆ ಸುಟ್ಟುಕೊಂಡು ಸತ್ತರೆ 'ಸ್ಟವ್ ಸಿಡಿಯಿತು, ಅವಳೇ ಎಚ್ಚರ ತಪ್ಪಿದಳು' ಎಂದು ಕಡತ ಮುಚ್ಚುತ್ತಿದ್ದ ಕಾಲವನ್ನು ನಾವು ಮರೆತಿಲ್ಲ. 1990ರ ದಶಕದಲ್ಲಿ ಬೆಂಗಳೂರಿನ ವಿಮೋಚನಾ ಸಂಘಟನೆ ಇಂಥ ಸಾವುಗಳ ಬೆನ್ನು ಹತ್ತಿ ಪ್ರಶ್ನೆ ಕೇಳಿತು. ಈಗ ಅದೇ ಮಾತು ಕಂಪ್ಯೂಟರಿನ ಬಳಿ ಕೇಳಿಬರುತ್ತಿದೆ. ಒಕ್ಕೂಟದ ಲೆಕ್ಕ ಬರೆಯುವ ಹೆಣ್ಣುಮಗಳು ಇ-ಮೇಲ್ ಜೊತೆ ಬಂದ ಫೈಲ್ ತೆರೆದಳು, ವೈರಸ್ ಹೊಕ್ಕಿತು, ಲೆಕ್ಕ ಹಾಳಾಯಿತು ಎನ್ನಿ. ಕಳಿಸಿದವನು ಯಾರು ಎಂದು ಕೇಳುವವರಿಲ್ಲ. 'ಹೆಂಗಸರ ಕೈಗೆ ಕೊಟ್ಟರೆ ಹೀಗೇ' ಎನ್ನುತ್ತಾರೆ. ಮನೆಯಲ್ಲಾದರೆ ಫೋನ್ ಕಿತ್ತುಕೊಳ್ಳುತ್ತಾರೆ, ಕೈಯೂ ಎತ್ತುತ್ತಾರೆ.

ಹೆಂಗಸರಷ್ಟೇ ಮೋಸ ಹೋಗುತ್ತಾರೆಯೆ? 2000ದ ಮೇ 4ರಂದು ಫಿಲಿಪೀನ್ಸ್‌ನಿಂದ ಹೊರಟ 'ಐ ಲವ್ ಯೂ' ಎಂಬ ಇ-ಮೇಲ್ ಪ್ರಪಂಚ ಸುತ್ತಿತು. ಜೊತೆಗಿದ್ದ ಫೈಲ್ ಪ್ರೇಮಪತ್ರದಂತೆ ಕಾಣುತ್ತಿತ್ತು. ಹೆಸರಿನ ಕೊನೆಯಲ್ಲಿದ್ದ '.ವಿಬಿಎಸ್' ಎಂಬ ಅಕ್ಷರಗಳನ್ನು ಬಹಳಷ್ಟು ಕಂಪ್ಯೂಟರುಗಳು ಮರೆಮಾಡಿದ್ದವು. ತೆರೆದೊಡನೆ ಅದು ಫೋಟೋಗಳನ್ನು ಹಾಳುಮಾಡಿ, ವಿಳಾಸಪಟ್ಟಿಯಲ್ಲಿದ್ದವರಿಗೆಲ್ಲ ತನ್ನನ್ನೇ ಕಳಿಸಿಕೊಂಡಿತು. ಬ್ರಿಟನ್ನಿನ ಪಾರ್ಲಿಮೆಂಟು ತನ್ನ ಇ-ಮೇಲ್ ನಿಲ್ಲಿಸಬೇಕಾಯಿತು. ಅಂದು ದೊಡ್ಡ ದೊಡ್ಡ ಕಚೇರಿಗಳ ಗಂಡಸರೂ ಅದನ್ನು ತೆರೆದರು. ಅವರಿಗೆ 'ಇನ್ನು ಕಂಪ್ಯೂಟರ್ ಮುಟ್ಟಬೇಡಿ' ಎಂದವರುಂಟೆ?

ಈ ಮೋಸ ನಡೆಯುವುದು ದಡ್ಡತನದಿಂದಲ್ಲ, ನಂಬಿಕೆಯಿಂದ. ಗುರುತಿನವರ ಹೆಸರಿನಲ್ಲೇ ಬರುತ್ತದೆ. ಅಂದು ಪ್ರೇಮಪತ್ರ, 2024ರಲ್ಲಿ ವಾಟ್ಸಾಪ್‌ನಲ್ಲಿ ಮದುವೆಯ ಕರೆಯೋಲೆ! ಅದು ಕರೆಯೋಲೆಯಲ್ಲ, '.ಎಪಿಕೆ' ಎಂದು ಕೊನೆಗೊಳ್ಳುವ ಆ್ಯಪ್. ಹಾಕಿಕೊಂಡರೆ ಬ್ಯಾಂಕಿನ ಒಟಿಪಿಯನ್ನೂ ಕದ್ದು ಓದಬಲ್ಲದು. ಹಿಮಾಚಲ ಪ್ರದೇಶದ ಪೊಲೀಸರು ಆ ವರ್ಷ ಇದರ ಬಗ್ಗೆ ಎಚ್ಚರಿಕೆ ಕೊಟ್ಟರು.

ಗೆಳತಿಯರೇ, ತಪ್ಪು ನಮ್ಮದಲ್ಲ ಎಂದ ಮಾತ್ರಕ್ಕೆ ಬಾಗಿಲು ತೆರೆದಿಟ್ಟು ಮಲಗುವುದಿಲ್ಲ. ಕೇಳದೆ ಬಂದ ಫೈಲ್ ತೆರೆಯುವ ಮೊದಲು ಕಳಿಸಿದವರಿಗೆ ಫೋನ್ ಮಾಡಿ ಕೇಳಿ. ಫೈಲಿನ ಪೂರ್ತಿ ಹೆಸರು ಕಾಣುವಂತೆ ಕಂಪ್ಯೂಟರಿನಲ್ಲಿ ಸೆಟ್ ಮಾಡಿಸಿ, ಕೊನೆಯಲ್ಲಿ '.ಇಎಕ್ಸ್‌ಇ', '.ವಿಬಿಎಸ್', '.ಎಪಿಕೆ' ಇದ್ದರೆ ಮುಟ್ಟಬೇಡಿ. ವರ್ಡ್ ಅಥವಾ ಎಕ್ಸೆಲ್ ಫೈಲ್ 'ಎನೇಬಲ್ ಕಂಟೆಂಟ್' ಒತ್ತಿ ಎಂದರೆ ಒತ್ತಬೇಡಿ. ಕಂಪ್ಯೂಟರ್ ಕೇಳುವ ಅಪ್‌ಡೇಟ್‌ಗಳನ್ನು ಮುಂದೂಡಬೇಡಿ. ಸಂಘದ ಲೆಕ್ಕದ ಒಂದು ಪ್ರತಿಯನ್ನು ವಾರಕ್ಕೊಮ್ಮೆ ಪೆನ್‌ಡ್ರೈವ್‌ಗೆ ಹಾಕಿ ತೆಗೆದಿಡಿ.

ತೆರೆದುಬಿಟ್ಟರೆ ಮುಚ್ಚಿಡಬೇಡಿ. ಬೈಗುಳಕ್ಕೆ ಹೆದರಿ ಸುಮ್ಮನಿದ್ದ ಪ್ರತಿಯೊಂದು ಗಂಟೆಯೂ ಕಳ್ಳನಿಗೆ ಲಾಭ. ಕೂಡಲೇ ಇಂಟರ್ನೆಟ್ ಕಡಿಯಿರಿ. ಬೇರೆ ಫೋನಿನಿಂದ ಬ್ಯಾಂಕಿಗೆ ತಿಳಿಸಿ. ಹಣ ಹೋಗಿದ್ದರೆ 1930ಕ್ಕೆ ಕರೆ ಮಾಡಿ. ಬಂದ ಸಂದೇಶವನ್ನು ಅಳಿಸಬೇಡಿ, ಅದು ಸಾಕ್ಷಿ. ದುರುದ್ದೇಶದಿಂದ ಇನ್ನೊಬ್ಬರ ಕಂಪ್ಯೂಟರಿಗೆ ವೈರಸ್ ಹೊಗಿಸುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಕಲಮುಗಳಡಿ ಅಪರಾಧ. ಮೂರು ವರ್ಷದವರೆಗೆ ಸೆರೆ, ಐದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಕಳಿಸುವವನು ದೂರದವನೇ ಆಗಿರಬೇಕಿಲ್ಲ. ಹೆಂಡತಿಯ ಫೋನಿಗೆ ಗುಟ್ಟಾಗಿ ಬೇಹುಗಾರಿಕೆಯ ಆ್ಯಪ್ ಹಾಕುವ ಗಂಡಂದಿರೂ ಇದ್ದಾರೆ. 'ಸಂಸಾರದ ವಿಷಯ' ಎಂದು ಇದನ್ನೂ ಸಹಿಸಬೇಕೆ? ಹೊಡೆಯುವ ಗಂಡನಾದರೆ ಆ್ಯಪ್ ಅಳಿಸುವ ಮೊದಲು ಯೋಚಿಸಿ; ಅವನಿಗೆ ತಕ್ಷಣ ಗೊತ್ತಾಗಬಹುದು. ನಂಬಿಕಸ್ಥ ಗೆಳತಿಯ ಫೋನಿನಿಂದ 181ಕ್ಕೆ ಕರೆ ಮಾಡಿ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ನೇಮಕವಾದ ಸಂರಕ್ಷಣಾಧಿಕಾರಿಯನ್ನು ಕಾಣಿ.

ಸಂಘದ ಉಳಿತಾಯ, ಸಾಲದ ಲೆಕ್ಕ, ತವರಿಗೆ ಒಂದು ಕರೆ, ಆಪತ್ತಿನಲ್ಲಿ ಸಹಾಯ ಎಲ್ಲವೂ ಇಂದು ಈ ಯಂತ್ರಗಳೊಳಗಿವೆ. ಅವನ್ನು ಕಿತ್ತುಕೊಳ್ಳುವುದು ರಕ್ಷಣೆಯಲ್ಲ, ಬಂಧನ. ನಮಗೆ ಬೇಕಾಗಿರುವುದು ತರಬೇತಿ. ಮುಂದಿನ ಸಭೆಯಲ್ಲೇ ಠರಾವು ಮಾಡಿ: ಒಕ್ಕೂಟವೂ ಬ್ಯಾಂಕೂ ಪ್ರತಿ ಸದಸ್ಯೆಗೆ ಕನ್ನಡದಲ್ಲಿ ಇದನ್ನು ಕಲಿಸಬೇಕು. ಮೋಸ ಹೋದವಳಿಂದ ಲೆಕ್ಕದ ಕೆಲಸ ಕಸಿಯಕೂಡದು. ಅವಳೊಂದಿಗೆ ಠಾಣೆಗೆ ಹೋಗುವವರು ಸಂಘದವರೇ ಆಗಿರಬೇಕು.